ಐದೂವರೆಯ ಸಹಿ

ನಮ್ಮ ಊರಿನ ಸಿಟಿ ಬಸ್ಸುಗಳಲ್ಲಿ ಬಾಗಿಲ ಪಕ್ಕದ ನಾಲ್ಕು ಸೀಟು ಇಂಟರ್ನ್‌ಶಿಪ್ ವಿದ್ಯಾರ್ಥಿಗಳಿಗೆ ಮೀಸಲು. ಬೇರೆ ಊರುಗಳಲ್ಲಿ ಆ ಜಾಗದಲ್ಲಿ ಹಿರಿಯ ನಾಗರಿಕರು ಎಂದು ಬರೆದಿರುತ್ತದಂತೆ. ನಮ್ಮಲ್ಲಿ ಕಚೇರಿ ಮುಗಿಸಿ ಬರುವ ಹಿರಿಯರು ನಿಂತೇ ಹೋಗುತ್ತಾರೆ, ಅದೂ ಸಿಳ್ಳೆ ಹಾಕಿಕೊಂಡು. ಸಂಜೆ ಐದೂವರೆಗೆ ಅವರ ಆ ದಿನದ ದಣಿವೆಲ್ಲ ಒಂದು ಸಹಿಯಲ್ಲಿ ಇಳಿದುಹೋಗಿರುತ್ತದೆ. ಇಳಿದದ್ದನ್ನು ಹೊತ್ತವರು ಆ ನಾಲ್ಕು ಸೀಟುಗಳಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿರುತ್ತಾರೆ. ಯಾವ ಸ್ಟಾಪಿನಲ್ಲಿ ಇಳಿಯಬೇಕು ಎಂದು ಕಂಡಕ್ಟರು ಬೆಳಿಗ್ಗೆಯೇ ಕೇಳಿ ಬರೆದುಕೊಂಡಿರುತ್ತಾನೆ, ಸಂಜೆ ಕೇಳಿದರೆ ಉತ್ತರ ಬರುವುದಿಲ್ಲ ಎಂದು ಅವನಿಗೆ ಗೊತ್ತು.

ಪದವಿಯ ಕೊನೆಯ ವರ್ಷದಲ್ಲಿ ತೊಂಬತ್ತು ದಿನ ಹೀಗೆ. ವಿಶ್ವವಿದ್ಯಾಲಯ ಒಂದು ನೀಲಿ ರಟ್ಟಿನ ಡೈರಿ ಕೊಟ್ಟು ಯಾವುದಾದರೂ ಕಚೇರಿಗೆ ಕಳಿಸುತ್ತದೆ. ದಿನಕ್ಕೊಂದು ಪುಟ. ಬೆಳಿಗ್ಗೆ ಮೇಲಿನ ಚೌಕದಲ್ಲಿ ವಿದ್ಯಾರ್ಥಿ ತನ್ನ ಕೈಯಾರೆ ಹೆಸರು ಬರೆಯಬೇಕು. ಸಂಜೆ ಐದೂವರೆಗೆ ಕೆಳಗಿನ ಗೆರೆಯ ಮೇಲೆ ಅಧಿಕಾರಿ ಸಹಿ ಹಾಕಬೇಕು. ಸಹಿ ಮುಗಿದ ಕೂಡಲೇ ಅಧಿಕಾರಿಯ ಬೆನ್ನು ನೆಟ್ಟಗಾಗುತ್ತದೆ, ವಿದ್ಯಾರ್ಥಿಯ ಬೆನ್ನು ಬಾಗುತ್ತದೆ. ಇದನ್ನು ಕಂಡು ಬೆಚ್ಚುವವರು ಹೊರಗಿನಿಂದ ವರ್ಗವಾಗಿ ಬಂದವರು ಮಾತ್ರ, ಅದೂ ಮೊದಲ ಸಂಜೆ. ಎರಡನೇ ಸಂಜೆ ಐದು ಇಪ್ಪತ್ತಕ್ಕೇ ಅವರು ಪೆನ್ನಿನ ಕ್ಯಾಪ್ ತೆಗೆದು ಕೂತಿರುತ್ತಾರೆ.

ಹೆಸರು ಯಾರದ್ದು ಎನ್ನುವುದಕ್ಕಿಂತ ಅದನ್ನು ಬರೆದ ಕೈ ಯಾರದ್ದು ಎನ್ನುವುದು ಮುಖ್ಯ. ನಮಗಿಂತ ಎರಡು ವರ್ಷ ಮುಂದಿದ್ದವನೊಬ್ಬ ಕೈ ಮುರಿದುಕೊಂಡು, ತನ್ನ ಹೆಸರನ್ನು ತಮ್ಮನಿಂದ ಬರೆಸಿದ್ದ. ಐದೂವರೆಗೆ ಮೈದಾನದಲ್ಲಿ ಬೌಲಿಂಗ್ ಮಾಡಲು ಓಡಿಬರುತ್ತಿದ್ದ ತಮ್ಮ ಅಂಪೈರಿನ ಕಾಲ ಬಳಿ ಕೂತುಬಿಟ್ಟನಂತೆ. ಹೆಸರನ್ನು ಬೇರೆಯವರಿಂದ ಬರೆಸತಕ್ಕದ್ದಲ್ಲ ಎಂದು ಆಮೇಲೆ ವಿಶ್ವವಿದ್ಯಾಲಯ ಸುತ್ತೋಲೆ ಹೊರಡಿಸಿತು. ಅಕ್ಷರ ಯಾರದೆಂದು ನೋಡಲು ಮಾತ್ರ ಯಾರನ್ನೂ ನೇಮಿಸಲಿಲ್ಲ.

ನನ್ನ ಹೆಸರು ಇಂದ್ರಾಣಿ. ನಮ್ಮಮ್ಮ ಚೆನ್ನಾಜಮ್ಮ ಕಲ್ಯಾಣ ಮಂಟಪಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಪ್ಪ ನಾನು ಹುಟ್ಟಿದ ವರ್ಷವೇ ಬೇರೆ ಸಂಸಾರ ಹೂಡಿಕೊಂಡು ಹೋದ, ಅವನ ಮಾತು ಇಲ್ಲಿ ಬೇಡ. ಸಾವಿರ ಜನ ಉಂಡೆದ್ದ ಅನ್ನದ ಕೊಳದಪ್ಪಲೆಯೊಳಗೆ ಅಮ್ಮ ಸೊಂಟದವರೆಗೆ ಬಗ್ಗಿ ತಳ ಉಜ್ಜುತ್ತಿದ್ದಳು. ಹೊರಗಿನಿಂದ ನೋಡಿದರೆ ಕಾಲೆರಡೇ ಕಾಣುತ್ತಿದ್ದವು. ಮನೆಗೆ ಬಂದವಳು ಗೋಡೆಗೆ ಒರಗಿ ಅರ್ಧ ಗಂಟೆ ಮಾತಾಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ನಾನೊಮ್ಮೆ ಕೇಳಿದ್ದೆ, "ಅಮ್ಮ, ನಿಂಗ್ಯಾಕೆ ಇಂಟರ್ನ್ ಕೊಡಲ್ಲ?"

"ನಮ್ಮಂಥೋರಿಗೆ ಯಾರ್ ಕೊಡ್ತಾರೆ ಮಗಳೇ? ಸಹಿ ಹಾಕಕ್ಕೆ ಒಂದು ಮೇಜಾದ್ರೂ ಬೇಡ್ವಾ?" ಎಂದು ನಕ್ಕಿದ್ದಳು. ಅವಳ ದಣಿವು ಅವಳ ಮೈಯಲ್ಲೇ ಉಳಿಯುತ್ತಿತ್ತು. ನಾನು ಓದಿ ಮೇಜಿನ ಹಿಂದೆ ಕೂರಬೇಕು ಎನ್ನುವ ಹಟ ಅವಳಿಗೆ ಬಂದದ್ದು ಅಲ್ಲಿಂದಲೇ ಇರಬೇಕು.

ಕಳಿಸುವ ಮುಂಚೆ ನಮ್ಮನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ವಿಶಾಲಾಕ್ಷಿ ಮೇಡಂ ಭಾಷಣ ಮಾಡಿದರು. ಇಂಟರ್ನ್‌ಶಿಪ್ ವಿಭಾಗದ ಮುಖ್ಯಸ್ಥರು ಅವರು. ಐವತ್ತಾರು ವಯಸ್ಸು, ಮೂವತ್ತರ ಚರ್ಮ. "ಇದನ್ನ ಸುಸ್ತು ಅಂದ್ಕೋಬೇಡಿ ಮಕ್ಕಳೇ, ಅನುಭವ ಅಂದ್ಕೊಳ್ಳಿ. ಹೊರಗಿನ ಪ್ರಪಂಚ ಹೇಗಿದೆ ಅಂತ ನಿಮಗೆ ಗೊತ್ತಾಗೋದು ಬೇಡ್ವಾ?" ಎಂದರು. ನಾವು ಚಪ್ಪಾಳೆ ತಟ್ಟಿದೆವು. ಹೊರಗಿನ ಪ್ರಪಂಚ ಹೇಗಿದೆ ಎಂದು ಬಸ್ಸಿನ ನಾಲ್ಕು ಸೀಟು ನೋಡಿಯೇ ನಮಗೆಲ್ಲ ಗೊತ್ತಿತ್ತು, ಆದರೂ ತಟ್ಟಿದೆವು.

ನನಗೆ ಬಿದ್ದದ್ದು ನಗರಸಭೆಯ ಅಹವಾಲು ಕೌಂಟರ್. ಅಲ್ಲಿನ ಅಧಿಕಾರಿ ಪರಮಶಿವಯ್ಯ. ಅವರು ಕೆಟ್ಟವರಾಗಿದ್ದರೆ ನನಗೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು. ಅವರು ನನ್ನನ್ನು ಗದರಿಸಲಿಲ್ಲ, ಫೈಲು ಹೊರಿಸಲಿಲ್ಲ, ದಿನಾ ಹನ್ನೊಂದಕ್ಕೆ ತಮ್ಮ ಜೊತೆ ನನಗೂ ಕಾಫಿ ತರಿಸುತ್ತಿದ್ದರು. ಮೊದಲ ಸಂಜೆ ಡೈರಿ ಎಳೆದುಕೊಂಡು, "ತಪ್ಪು ತಿಳ್ಕೋಬೇಡಮ್ಮ. ನಾನೂ ನಿನ್ನ ವಯಸ್ಸಲ್ಲಿ ತೊಂಬತ್ತು ದಿನ ಹೊತ್ತಿದ್ದೀನಿ. ಕೂತ್ಕೊಂಡೇ ತಗೋ, ನಿಂತ್ಕೋಬೇಡ" ಎಂದು ಕುರ್ಚಿ ತೋರಿಸಿ ಸಹಿ ಹಾಕಿದರು. ಆಮೇಲೆ ಮೇಜಿನ ಕೆಳಗಿನಿಂದ ಶಟಲ್ ಬ್ಯಾಟು ತೆಗೆದುಕೊಂಡು ಮೆಟ್ಟಿಲನ್ನು ಎರಡೆರಡಾಗಿ ಇಳಿದುಹೋದರು.

ಅದು ಮೈ ಕೈ ನೋವಿನ ದಣಿವಲ್ಲ. ಅಮ್ಮನ ಕಾಲು ಒತ್ತಿ ಬೆಳೆದವಳಿಗೆ ಅಂಥ ದಣಿವಿನ ಪರಿಚಯವಿತ್ತು. ಇದು ದಿನಕ್ಕೆ ಎಂಬತ್ತು ಸಲ "ನಾಳೆ ಬನ್ನಿ" ಎಂದವನ ದಣಿವು. ಎಂಬತ್ತು ಮುಖಗಳೂ ಅದರ ಜೊತೆಗೇ ಬರುತ್ತಿದ್ದವು. ಅದರಲ್ಲಿ ಸಾಕಮ್ಮ ಅನ್ನುವವಳೊಬ್ಬಳ ಮುಖ ಪ್ರತಿ ವಾರ ತಪ್ಪದೆ ಇರುತ್ತಿತ್ತು. ನಗರಸಭೆಯವರು ಅವಳ ಮನೆಗೂ ಹಿಂದಿನ ಬೀದಿಯ ಇನ್ನೊಂದು ಮನೆಗೂ ಒಂದೇ ಬಾಗಿಲ ನಂಬರ್ ಕೊಟ್ಟಿದ್ದರು. ಅವಳಿಗೆ ಬರಬೇಕಾದ ಕಾಗದಗಳೆಲ್ಲ ಆ ಮನೆಗೆ ಹೋಗುತ್ತಿದ್ದವು. ಒಂಬತ್ತು ವರ್ಷದಿಂದ ವಾರಕ್ಕೊಮ್ಮೆ ಬಂದು, ಸೆರಗಿನಲ್ಲಿ ಬೆವರು ಒರೆಸಿಕೊಂಡು, "ಏನಾಯ್ತು ಸ್ವಾಮಿ?" ಎನ್ನುತ್ತಿದ್ದಳು. "ನಾಳೆ ಬಾರಮ್ಮ" ಎನ್ನಲು ಪರಮಶಿವಯ್ಯನವರಿಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಐದೂವರೆಗೆ ಆ ಸಂಕಟ ನನಗೆ ಬರುತ್ತಿತ್ತು. ಸಂಕಟ ಅವರಲ್ಲೇ ಉಳಿದಿದ್ದರೆ ಒಂಬತ್ತು ವರ್ಷದಲ್ಲಿ ಒಂದು ದಿನವಾದರೂ ಎದ್ದುಹೋಗಿ ಆ ನಂಬರ್ ತಿದ್ದಿಸುತ್ತಿದ್ದರೋ ಏನೋ. ಈ ಮಾತು ನನಗೆ ಹೊಳೆದದ್ದು ಬಹಳ ತಡವಾಗಿ.

ಮೊದಲ ತಿಂಗಳು ರಾತ್ರಿ ನಿದ್ದೆ ಮಾಡಿದರೆ ಮುಕ್ಕಾಲು ಇಳಿಯುತ್ತಿತ್ತು. ಎರಡನೇ ತಿಂಗಳು ಅರ್ಧವೂ ಇಳಿಯಲಿಲ್ಲ. ನಾನು ತಲೆ ಬಾಚುವುದನ್ನು ಬಿಟ್ಟೆ. ಪಕ್ಕದ ಮನೆಯವರು ಮಗುವಿಗೆ ನಾಮಕರಣ ಎಂದು ಕರೆಯಲು ಬಂದರೆ ಬಾಗಿಲಲ್ಲೇ "ನಾಳೆ ಬನ್ನಿ" ಎಂದೆ. ಗೆಳತಿಯೊಬ್ಬಳು ಜೋಕು ಹೇಳಿದರೆ ಅದರಲ್ಲಿ ಎಲ್ಲಿ ನಗಬೇಕು ಎಂದು ಹುಡುಕುತ್ತಿದ್ದೆ. ಬೆಳಿಗ್ಗೆ ಎದ್ದಾಗ ಯಾಕೆ ಏಳಬೇಕು ಎನ್ನುವುದಕ್ಕೆ ಕಾರಣ ಬೇಕಾಗುತ್ತಿತ್ತು, ಕಾರಣ ಸಿಕ್ಕಿದರೂ ಅದು ಬೇರೆ ಯಾರದೋ ಕಾರಣ ಅನ್ನಿಸುತ್ತಿತ್ತು. ಆ ದಿನಗಳಲ್ಲೇ ವಿಶ್ವವಿದ್ಯಾಲಯದಿಂದ ಒಂದು ನಮೂನೆ ಬಂತು. ವಿದ್ಯಾರ್ಥಿಗಳ ಮನಸ್ಸಿನ ಮೇಲೆ ಇಂಟರ್ನ್‌ಶಿಪ್ ಬೀರುವ ಪರಿಣಾಮ ಎಂದು ಮೇಲೆ ಬರೆದಿತ್ತು. ಕೆಳಗೆ ಐದು ಗುಂಡು ಮುಖಗಳು, ತುಂಬಾ ನಗುವುದರಿಂದ ಹಿಡಿದು ಸ್ವಲ್ಪ ನಗುವುದರವರೆಗೆ. ನಗದ ಮುಖ ಅದರಲ್ಲಿರಲಿಲ್ಲ. ನಾನು ಸ್ವಲ್ಪ ನಗುವುದಕ್ಕೆ ಗುರುತು ಹಾಕಿ ಕೊಟ್ಟೆ.

ಅರವತ್ತನೇ ದಿನ ಬೆಳಿಗ್ಗೆ ಡೈರಿ ಬಿಚ್ಚಿ ಕೂತವಳಿಗೆ ಹೆಸರು ಬರೆಯಲು ಆಗಲಿಲ್ಲ. ಕೈಯಲ್ಲಿ ಪೆನ್ನಿತ್ತು, ಹೆಸರೂ ಗೊತ್ತಿತ್ತು, ಕೈ ಮಾತ್ರ ಏಳಲಿಲ್ಲ. ಒಂದು ಪುಟ ಖಾಲಿ ಬಿದ್ದರೂ ಹಿಂದಿನ ಸಹಿಗಳೆಲ್ಲ ರದ್ದು. ಮುಂದಿನ ವರ್ಷ ಮೊದಲನೇ ದಿನದಿಂದ ಶುರುಮಾಡಬೇಕು. ಇನ್ನೊಮ್ಮೆ ಐವತ್ತೊಂಬತ್ತು ದಿನ ಎಂದು ನೆನೆದೇ ನನಗೆ ಅಳು ಬಂತು. ಅಮ್ಮ ಒಲೆ ಮುಂದಿನಿಂದ ಎದ್ದು ಬಂದು ಡೈರಿ ನೋಡಿದಳು, ನನ್ನ ಮುಖ ನೋಡಿದಳು.

"ಇದ್ರಲ್ಲಿ ಏನ್ ಬರೀಬೇಕು?"

"ನನ್ನ ಹೆಸರು."

"ಅಷ್ಟೇ ತಾನೇ. ಹೇಳ್ಕೊಡು, ನಾ ಬರೀತೀನಿ."

ನಾನು ಬೇಡ ಎಂದೆ. ಬೇಡ ಎಂದದ್ದು ನಿಜ. ಆದರೆ ಎಷ್ಟು ಸಲ ಎಂದೆ, ಎಷ್ಟು ಗಟ್ಟಿಯಾಗಿ ಎಂದೆ ಎಂದು ಇವತ್ತಿಗೂ ಲೆಕ್ಕ ಹಾಕುತ್ತೇನೆ. ಒಂದೇ ಸಲ, ಅದೂ ಮೆಲ್ಲಗೆ.

ಅಮ್ಮನಿಗೆ ತನ್ನ ಹೆಸರು ಬಿಟ್ಟರೆ ಬೇರೇನೂ ಬರೆಯಲು ಬರುತ್ತಿರಲಿಲ್ಲ. ಅವಳು ಹೊಸಿಲ ಬಳಿ ಕೂತು ರಂಗೋಲಿ ಪುಡಿ ಹರಡಿದಳು. ನಾನು ಅವಳ ಬೆರಳು ಹಿಡಿದು ಅದರ ಮೇಲೆ ಮೂರಕ್ಷರ ಬರೆಸಿದೆ. ನಡುವಿನ ಅಕ್ಷರದ ಒತ್ತು ಅವಳಿಗೆ ಒಗ್ಗಲಿಲ್ಲ, ಅಳಿಸಿ ಅಳಿಸಿ ಬರೆದಳು. ಕೊನೆಗೆ ಸರಿಬಂದಾಗ, "ಇಪ್ಪತ್ತೊಂದು ವರ್ಷ ಕೂಗಿದ್ದೀನಿ, ನೋಡಕ್ಕೆ ಹಿಂಗಿರುತ್ತೆ ಅಂತ ಗೊತ್ತೇ ಇರ್ಲಿಲ್ಲ" ಎಂದು ಸಂತೋಷಪಟ್ಟಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಡೈರಿಯ ಚೌಕದಲ್ಲಿ ನಿಧಾನವಾಗಿ ಇಂದ್ರಾಣಿ ಎಂದು ಬರೆದಳು. ಚೌಕ ತುಂಬಿ ಅಕ್ಷರ ಹೊರಗೂ ಬಂತು.

ಆ ಸಂಜೆ ಪರಮಶಿವಯ್ಯ ಸಹಿ ಹಾಕಿದಾಗ ನನಗೆ ಏನೂ ಬರಲಿಲ್ಲ. ಚೌಕದ ಕಡೆ ಅವರು ನೋಡಲೂ ಇಲ್ಲ, ಯಾವತ್ತೂ ನೋಡುತ್ತಿರಲಿಲ್ಲ. ಬೀದಿಗೆ ಇಳಿದೆ. ಗಾಳಿ ಬೀಸುತ್ತಿದೆ ಎಂದು ಗೊತ್ತಾಯಿತು. ಗಾಡಿಯವನೊಬ್ಬ ಬಿಸಿ ಬೋಂಡ ತೆಗೆಯುತ್ತಿದ್ದ, ನಿಂತು ಎರಡು ತಿಂದೆ, ಇನ್ನೆರಡು ಕೇಳಿದೆ. ಎರಡು ತಿಂಗಳ ಮೇಲೆ ನನಗೆ ಹಸಿವಾಗಿತ್ತು. ಬೋಂಡದವನು ಏನೋ ಅಂದ, ನಾನು ಜೋರಾಗಿ ನಕ್ಕೆ. ಹೇಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಅಮ್ಮನ ನೆನಪೇ ಆಗಲಿಲ್ಲ.

ಮನೆಗೆ ಹೋದರೆ ಅಮ್ಮನನ್ನು ಆಗತಾನೇ ಆಟೋದಲ್ಲಿ ತಂದು ಮಲಗಿಸಿದ್ದರು. ಜೊತೆಗೆ ಪಾತ್ರೆ ತೊಳೆಯುವ ರತ್ನಿ ತಲೆದೆಸೆಯಲ್ಲಿ ಕೂತಿದ್ದಳು. "ಕೊಳದಪ್ಪಲೆ ಒಳಗೆ ಬಗ್ಗಿದೋಳು ಏಳ್ಲೇ ಇಲ್ಲ ಕಣವ್ವ. ಕಾಲು ಹಿಡಿದು ಎಳೆದ್ವಿ. ಒಳಗೆ ಕೂತ್ಕೊಂಡು ಯಾರಿಗೋ ನಾಳೆ ಬಾ, ನಾಳೆ ಬಾ ಅಂತಿದ್ಲು" ಎಂದಳು. ನಾನು ಅಮ್ಮನ ಕಾಲ ಬಳಿ ಕೂತೆ. ಅವಳು ಕಣ್ಣು ಬಿಟ್ಟು ನೋಡಿ, "ನೀನು ಏನಾರ ತಿಂದ್ಯಾ?" ಎಂದು ಕೇಳಿದಳು. ತಿಂದೆ ಎಂದೆ. "ಹಂಗಾದ್ರೆ ನಾಳೆಯೂ ನಾನೇ ಬರೀತೀನಿ. ಇನ್ನೆಷ್ಟು ಪುಟ ಇದೆ?" ಎಂದಳು.

ಮೂವತ್ತು ಪುಟ ಇತ್ತು. ಪ್ರತಿ ಬೆಳಿಗ್ಗೆ ನಾನು ತಡೆಯಬಹುದಿತ್ತು. ಎರಡು ದಿನ ಕಳೆದ ಮೇಲೆ ನನ್ನ ಕೈ ಚೆನ್ನಾಗಿಯೇ ಏಳುತ್ತಿತ್ತು, ತಲೆ ಬಾಚಿಕೊಳ್ಳುತ್ತಿದ್ದೆ, ಪರೀಕ್ಷೆಗೆ ಓದಲು ಶುರುಮಾಡಿದ್ದೆ. ಪರೀಕ್ಷೆ ಇದೆ, ಓದಬೇಕಲ್ಲ ಎಂದುಕೊಂಡು ಬೆಳಿಗ್ಗೆ ಡೈರಿ ತೆಗೆದು ಅಮ್ಮನ ಹಾಸಿಗೆಯ ಪಕ್ಕ ಇಡುತ್ತಿದ್ದೆ. ಅಮ್ಮ ಕೇಳಿ ಬರೆದದ್ದು ಮೊದಲ ಮೂರು ದಿನ. ಆಮೇಲಿನ ದಿನಗಳಲ್ಲಿ ಡೈರಿ ನೀಡಿದವಳು ನಾನೇ. ಕೊನೆಕೊನೆಗೆ ಅವಳಿಗೆ ಪೆನ್ನು ಹಿಡಿಯಲು ಆಗದಿದ್ದಾಗ ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಕೊಟ್ಟೆ. ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಪದವಿ ಬಂತು, ಪ್ರಥಮ ದರ್ಜೆಯಲ್ಲಿ ಬಂತು. ಇಂಟರ್ನ್‌ಶಿಪ್‌ನಲ್ಲಿ ತೊಂಬತ್ತಕ್ಕೆ ತೊಂಬತ್ತು. ಘಟಿಕೋತ್ಸವದಲ್ಲಿ ವಿಶಾಲಾಕ್ಷಿ ಮೇಡಂ ನನ್ನ ಬೆನ್ನು ತಟ್ಟಿ, ತೊಂಬತ್ತು ದಿನ ಮುಗಿಸಿಯೂ ಮುಖದಲ್ಲಿ ಇಷ್ಟು ಕಳೆ ಇರುವ ವಿದ್ಯಾರ್ಥಿನಿಯನ್ನು ತಾವು ನೋಡಿಯೇ ಇಲ್ಲ ಎಂದರು. ಅಹವಾಲು ಕೌಂಟರಿನಲ್ಲೇ ನನಗೆ ಕೆಲಸ ಸಿಕ್ಕಿತು. ಪರಮಶಿವಯ್ಯ ಸಂತೋಷದಿಂದ ಶಿಫಾರಸು ಮಾಡಿದ್ದರು.

ಚಿಕ್ಕ ವಯಸ್ಸಿನವರಾದರೆ ವರ್ಷದೊಳಗೆ ಸುಮಾರಾಗಿ ಚೇತರಿಸಿಕೊಳ್ಳುತ್ತಾರೆ. ಅಮ್ಮನದು ಅವಳದೇ ಇಪ್ಪತ್ತು ವರ್ಷದ ದಣಿವಿನ ಮೇಲೆ ಬಿದ್ದದ್ದು. ಅವಳು ಮತ್ತೆ ಎದ್ದು ಓಡಾಡಲಿಲ್ಲ. ಡಾಕ್ಟರು ಬಂದು ನಾಡಿ ನೋಡಿ, ಇದು ಕಾಯಿಲೆಯಲ್ಲ, ಔಷಧಿ ಬರೆಯಲು ಬರುವುದಿಲ್ಲ ಎಂದು ಹೋದರು. ನಗರಸಭೆಯ ಮೆಟ್ಟಿಲನ್ನೇ ಹತ್ತದ ಅಮ್ಮ ಒಂದು ದಿನ, "ಆ ಬಾಗಿಲ ನಂಬರಿನ ಹೆಂಗಸಿಗೆ ಏನಾಯ್ತೇ? ಪಾಪ, ಬಿಸಿಲಲ್ಲಿ ಬಂದಿದ್ಲು" ಎಂದು ಕೇಳಿದಳು. ಅಷ್ಟರಲ್ಲಿ ಸಾಕಮ್ಮ ಬರುವುದನ್ನೇ ನಿಲ್ಲಿಸಿದ್ದಳು, ಅವಳ ಅರ್ಜಿ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಸರಿಮಾಡಿಕೊಟ್ಟೆವು ಎಂದು ಸುಳ್ಳು ಹೇಳಿದೆ. ಅಮ್ಮ ಅವತ್ತು ಅರ್ಧ ರೊಟ್ಟಿ ಹೆಚ್ಚು ತಿಂದಳು.

ಕೊಟ್ಟದ್ದನ್ನು ವಾಪಸು ಪಡೆಯಲು ನನಗೆ ಕಂಡದ್ದು ಒಂದೇ ದಾರಿ. ಅಮ್ಮ ಸಹಿ ಹಾಕಬೇಕು, ಚೌಕದಲ್ಲಿ ನಾನು ಹೆಸರು ಬರೆಯಬೇಕು. ಒಂದು ಡೈರಿ ಕೊಂಡುತಂದು ಹಾಗೆ ಮಾಡಿಯೂ ನೋಡಿದೆವು. ಏನೂ ಆಗಲಿಲ್ಲ. ವಿಶ್ವವಿದ್ಯಾಲಯದ ಮನ್ನಣೆ ಇರುವ ಜಾಗದ ಸಹಿ ಮಾತ್ರ ನಡೆಯುತ್ತದೆ. ಕಲ್ಯಾಣ ಮಂಟಪದ ಪಾತ್ರೆ ತೊಳೆಯುವ ಕಟ್ಟೆಯನ್ನು ಇಂಟರ್ನ್‌ಶಿಪ್ ಕೇಂದ್ರ ಎಂದು ಒಪ್ಪಿಕೊಳ್ಳಿ, ಮೊದಲ ವಿದ್ಯಾರ್ಥಿನಿಯಾಗಿ ನಾನೇ ಇನ್ನೊಂದು ಕೋರ್ಸಿಗೆ ಸೇರಿ ಬರುತ್ತೇನೆ ಎಂದು ಅರ್ಜಿ ಬರೆದುಕೊಂಡು ವಿಶಾಲಾಕ್ಷಿ ಮೇಡಂ ಹತ್ತಿರ ಹೋದೆ. ಅವರು ಅದನ್ನು ಎರಡು ಸಲ ಓದಿದರು.

"ಪಾತ್ರೆ ತೊಳೆಯೋದ್ರಲ್ಲಿ ಕಲಿಯೋಂಥದ್ದು ಏನಿದೆ ಇಂದ್ರಾಣಿ?"

"ಅಹವಾಲು ಕೌಂಟರಲ್ಲಿ ನಾನು ಏನ್ ಕಲಿತೆ ಮೇಡಂ?"

ಅವರಿಗೆ ಕೋಪ ಬರಲಿಲ್ಲ. "ಕಲಿತಿದ್ದಕ್ಕೇ ಅಲ್ವಾ ಇವತ್ತು ಅಲ್ಲೇ ಕೂತಿರೋದು?" ಎಂದು ನಕ್ಕು, ಅರ್ಜಿಯನ್ನು ನನ್ನ ಕಡೆಗೆ ಸರಿಸಿದರು. ಮುಂದಿನ ವಾರ ಸಮಿತಿಯ ಮುಂದೆ ಇಡುವುದಾಗಿ ಸಮಾಧಾನಕ್ಕೂ ಹೇಳಲಿಲ್ಲ. ನಾನು ಅರ್ಜಿ ಮಡಚಿಕೊಂಡು ಎದ್ದುಬಂದೆ.

ಐದು ವರ್ಷ ಹೀಗೆ ಕಳೆಯಿತು. ಹಗಲು ರತ್ನಿ ಬಂದು ನೋಡಿಕೊಳ್ಳುತ್ತಾಳೆ, ಸಂಜೆ ನಾನು. ಈ ವರ್ಷ ಪರಮಶಿವಯ್ಯ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಎದ್ದುನಿಂತು ಹಾಡಿದರು, ಮೂವತ್ತು ವರ್ಷದ ಸೇವೆಯಲ್ಲಿ ಒಂದು ದಿನವೂ ಬೇಸರವಾಗಲಿಲ್ಲ ಎಂದರು. ಅವರ ಕುರ್ಚಿ ನನಗೆ ಬಂತು. ಕುರ್ಚಿಯ ಜೊತೆ ಲಾವಣ್ಯ ಎನ್ನುವ ಹುಡುಗಿಯೂ ನೀಲಿ ಡೈರಿ ಹಿಡಿದುಕೊಂಡು ಬಂದಳು.

ನಾನು ಸಹಿ ಹಾಕುವುದಿಲ್ಲ ಎಂದು ಐದು ವರ್ಷದಿಂದ ಶಪಥ ಮಾಡಿಕೊಂಡಿದ್ದೆ. ಮೊದಲ ಸಂಜೆ ಡೈರಿಯನ್ನು ಅವಳಿಗೇ ವಾಪಸು ಕೊಟ್ಟು, ನನ್ನ ದಣಿವು ನನಗಿರಲಿ, ನೀನು ಮನೆಗೆ ಹೋಗು ಎಂದೆ. ಅವಳ ಕಣ್ಣಲ್ಲಿ ನೀರು ತುಂಬಿತು. "ಮೇಡಂ, ಸಹಿ ಇಲ್ದಿದ್ರೆ ಆಬ್ಸೆಂಟ್ ಬೀಳುತ್ತೆ. ನಾನೇನ್ ತಪ್ಪು ಮಾಡ್ದೆ?" ಎಂದಳು. ನಾನು ಚೀಲ ಎತ್ತಿಕೊಂಡು ಹೊರಟೆ. ಎಂಬತ್ತು ಮುಖಗಳನ್ನು ಹೊತ್ತು ಮನೆಗೆ ಬಂದು, ಅಮ್ಮನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವಾಗ ನನ್ನ ತೋಳು ಸೋತಿತು. ಅಮ್ಮ ಕಲ್ಲಿನ ಮೇಲೆ ಬಿದ್ದಳು. ಮೊಣಕೈ ತರಚಿ ರಕ್ತ ಬಂತು. "ಏನಿಲ್ಲ ಬಿಡು, ನೀನೂ ಕೂತ್ಕೋ ಸ್ವಲ್ಪ" ಎಂದು ನೆಲದ ಮೇಲಿಂದಲೇ ಹೇಳಿದಳು.

ಮಾರನೆಯ ದಿನ ಲಾವಣ್ಯಳನ್ನು ಕುರ್ಚಿಯಲ್ಲಿ ಕೂರಿಸಿ ಎರಡೂ ಪುಟಕ್ಕೆ ಸಹಿ ಹಾಕಿದೆ. ಅವಳು ಥ್ಯಾಂಕ್ಸ್ ಮೇಡಂ ಎಂದಳು. ಅವಳ ತಲೆ ಮೇಜಿನ ಕಡೆಗೆ ಬಾಗುವುದನ್ನು ನೋಡದೆ ಮೆಟ್ಟಿಲು ಇಳಿದುಬಂದೆ. ಆಮೇಲೆ ದಿನವೂ ಹಾಕಿದೆ.

ಈ ಸಂಜೆ ಅಮ್ಮನಿಗೆ ತಲೆಗೆ ಎಣ್ಣೆ ಹಚ್ಚಿ, ಮಗುವನ್ನು ಎತ್ತುವ ಹಾಗೆ ಎತ್ತಿಕೊಂಡು ಹೋಗಿ ಬಿಸಿ ನೀರು ಹಾಕಿದೆ. ನನ್ನ ತೋಳು ಸ್ವಲ್ಪವೂ ನೋಯಲಿಲ್ಲ. ನೀರು ಹಾಕುತ್ತಾ ಏನೋ ಗುನುಗುತ್ತಿದ್ದೆನಂತೆ, ಅಮ್ಮ ಹೇಳಿದ ಮೇಲೆ ಗೊತ್ತಾಯಿತು.

"ಈಚೆಗೆ ಹಗುರಾಗಿದ್ದೀಯ ಕಣೇ" ಎಂದಳು.

"ಇಂಟರ್ನ್‌ಶಿಪ್‌ಗೆ ಒಂದು ಹುಡುಗಿ ಬಂದಿದ್ದಾಳಮ್ಮ."

ನಾನು ಅವಳ ಕೂದಲಿನ ಸೀಗೆಪುಡಿ ತೊಳೆದೆ.

"ಆ ಹುಡುಗಿ ಮನೇಲಿ ಯಾರ್ಯಾರಿದ್ದಾರೆ?"

"ಕೇಳಿಲ್ಲ" ಎಂದೆ.